ಹೊಳಿ ಕಾಯೋರು ಹೊಲದಾಗ ಇರ್ತಾರ

ಹೋದ ವರ್ಷ ಬೇಸಿಗೆಯಲ್ಲಿ ಬಾದಾಮಿ ತಾಲ್ಲೂಕಿನ ನಮ್ಮೂರಿಗೆ ಮೋಜಣಿಯವರು ಬಂದಿದ್ದರು. ಕೈಯಲ್ಲಿ ಹಳೇ ನಕ್ಷೆಯ ಜೆರಾಕ್ಸ್, ಹೆಗಲ ಮೇಲೆ ರೋವರ್ (ಉಪಗ್ರಹದ ನೆರವಿನಿಂದ ಜಾಗ ಗುರುತಿಸುವ ಮಷೀನ್) ಕಟ್ಟಿದ ಕೋಲು. ಮಲಪ್ರಭೆ ದಂಡೆಯ ಹೊಲಗಳ ಹದ್ದು, ಅಂದರೆ ಗಡಿ, ಗುರುತಿಸಬೇಕಿತ್ತು. ನಮ್ಮ ಕಾಕಾನ ಕಬ್ಬಿನ ಬದುವಿನ ಮೇಲೆ ನಿಂತು ಭೂಮಾಪಕರು ನಕ್ಷೆ ನೋಡಿದರು, ಮಷೀನ್ ನೋಡಿದರು, ಮತ್ತೆ ನಕ್ಷೆ ನೋಡಿದರು.

‘ಯಜಮಾನ್ರ, ಹೊಳಿ ಎಲ್ಲೈತ್ರಿ?’

ಕಾಕಾ ಕಬ್ಬಿನ ಆಚೆಗೆ ಕೈ ತೋರಿಸಿದ. ‘ಅಲ್ಲೇ ಐತಲ್ರಿ ಸಾಹೇಬ್ರ, ಆ ಜಾಲಿಕಂಟಿ ಕೆಳಗ.’

‘ನಕ್ಷೆದಾಗ ನೋಡಿದ್ರ ನಾವೀಗ ಹೊಳ್ಯಾಗ ನಿಂತೀವಿ ನೋಡ್ರಿ.’

ಸುತ್ತ ನಿಂತವರೆಲ್ಲ ನಕ್ಕರು. ಕಾಕಾ ನಗಲಿಲ್ಲ. ಅವನಿಗೆ ವಿಷಯ ಗೊತ್ತಿತ್ತು. ಅವರಪ್ಪನ ಕಾಲಕ್ಕೆ ಆ ಜಾಗದಲ್ಲಿ ಬೇಸಿಗೆಯಲ್ಲಿ ಸೌತಿ, ಕಲ್ಲಂಗಡಿ ಹಾಕುತ್ತಿದ್ದರು. ಮಳೆಗಾಲ ಬರುವ ಮೊದಲೇ ಬಳ್ಳಿ ಒಣಗಿ ಹೋಗುತ್ತಿತ್ತು, ಹೊಳೆ ತನ್ನ ಜಾಗಕ್ಕೆ ವಾಪಸ್ ಬರುತ್ತಿತ್ತು. ಆಮೇಲೆ ಕೆಲವು ವರ್ಷ ಹೊಳೆ ಬರಲೇ ಇಲ್ಲ. ಸೌತಿ ಹೋಗಿ ಜೋಳ ಬಂತು. ಜೋಳ ಹೋಗಿ, ಮೋಟಾರು ಬಂದ ಮೇಲೆ, ಕಬ್ಬು ಬಂತು. ಕಬ್ಬು ವರ್ಷವಿಡೀ ನಿಲ್ಲುವ ಬೆಳೆ. ಅದು ಒಮ್ಮೆ ಬಂದರೆ ಹೊಳೆಗೆ ಜಾಗವಿಲ್ಲ.

ನದಿ ಉಳಿಸುವವರು ಅಂದರೆ ಸಾಮಾನ್ಯವಾಗಿ ಕಣ್ಣಿಗೆ ಬರುವುದು ನೀರಿಗಿಳಿದು ಪ್ಲಾಸ್ಟಿಕ್ ಎತ್ತುವವರು. ಅವರ ಕೆಲಸ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ನಮ್ಮ ಈ ಮೂರು ಜಿಲ್ಲೆಗಳ ಹೊಳೆಗಳ ಸಂಕಟ ನೋಡಿದರೆ, ಅದರ ಬಹುಪಾಲು ಬೇರು ದಂಡೆಯ ಮೇಲಿದೆ, ಹೊಲದಲ್ಲಿದೆ, ಹೊಲದ ದಾಖಲೆಯಾದ ಉತಾರದಲ್ಲಿದೆ. ಹಾಗಾಗಿ ಹೊಳೆ ಕಾಯುವ ಕೆಲಸವನ್ನು ನಿಜವಾಗಿ ಯಾರ್‍ಯಾರು ಮಾಡುತ್ತಾರೆ, ಹೇಗೆ ಮಾಡುತ್ತಾರೆ ಅಂತ ಮಲಪ್ರಭೆಯನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ. ನಡುವೆ ಜಮಖಂಡಿಗೂ ವಿಜಯಪುರಕ್ಕೂ ಹೋಗಿ ಬರೋಣ.

ಮೊದಲು ಆ ನಕ್ಷೆಯ ವಿಷಯ ಮುಗಿಸೋಣ.

ನಮ್ಮ ಭಾಗದ ನಕ್ಷೆಗಳ ಬೇರು ಮುಂಬೈ ಪ್ರಾಂತ್ಯದ ಕಾಲದ ಮೋಜಣಿಯಲ್ಲಿದೆ. ಆಗ ಅಳೆಯುತ್ತಿದ್ದ ಸರಪಳಿಯ ಉದ್ದ 33 ಅಡಿ, ಅದರಲ್ಲಿ 16 ಸಮ ಭಾಗ, ಒಂದೊಂದಕ್ಕೆ ಆಣೆ ಅಂತ ಹೆಸರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕ ಹಾಕಿದರೆ 1,089 ಚದರ ಅಡಿ. ಅದೇ ನಮ್ಮ ಗುಂಟೆ. ಅಂಥ 40 ಸೇರಿದರೆ ಎಕರೆ. ಹೀಗೆ ಸರಪಳಿ ಎಳೆದವರು ಪ್ರತಿ ಹೊಲಕ್ಕೂ ನಂಬರು ಕೊಟ್ಟರು, ಹೊಳೆಗೆ ಕೊಡಲಿಲ್ಲ. ಗ್ರಾಮ ನಕ್ಷೆಯಲ್ಲಿ ಎರಡು ಗೆರೆಗಳ ನಡುವೆ ಖಾಲಿ ಜಾಗ ಕಾಣುತ್ತದಲ್ಲ, ಅದೇ ಹೊಳೆ. ಎಷ್ಟೋ ಕಡೆ ಅದೇ ಎರಡು ಊರುಗಳ ಗಡಿ ಕೂಡ.

ಸಣ್ಣ ಹಳ್ಳಗಳ ಲೆಕ್ಕ ಬೇರೆ. ಅವು ಹೊಲದ ನಂಬರಿನ ಒಳಗೇ ಹರಿಯುತ್ತವೆ. ಉತಾರದಲ್ಲಿ ‘ಖರಾಬು’ ಅಂತ ಇರುತ್ತದೆ ನೋಡಿ, ಅದರಲ್ಲಿ ಎರಡು ಬಗೆ. ‘ಅ’ ಖರಾಬು ಅಂದರೆ ಉಳುಮೆಗೆ ಬಾರದ್ದು: ಕಲ್ಲು, ದಿನ್ನೆ, ಇಂಥವು. ‘ಬ’ ಖರಾಬು ಅಂದರೆ ಸಾರ್ವಜನಿಕರಿಗೆ ಬಿಟ್ಟದ್ದು: ಹಳ್ಳ, ಕೆರೆ, ದಾರಿ. ಹೊಲ ನಿಮ್ಮದೇ ಇರಬಹುದು, ಅದರೊಳಗಿನ ಬ ಖರಾಬು ನಿಮ್ಮದಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಮು ನದಿ, ಹಳ್ಳ, ಕೆರೆಗಳ ಪಾತ್ರ ಸರ್ಕಾರದ್ದು ಅಂತ ಹೇಳುತ್ತದೆ, ಬೇರೆಯವರ ಸ್ವತ್ತು ಅಂತ ತೋರಿಸದ ಹೊರತು.

ಕಾಗದದ ಮೇಲೆ ಇಷ್ಟು ಸಲೀಸು. ಹೊಲಕ್ಕೆ ಬಂದರೆ ತಲೆಬಿಸಿ. ಹೊಳೆ ಒಂದೇ ಕಡೆ ಕೂರುವುದಿಲ್ಲ. ತಿರುವಿನಲ್ಲಿ ಹೊರಗಿನ ದಂಡೆ ಕೊರೆಯುತ್ತದೆ, ಒಳಗಿನ ದಂಡೆಗೆ ರೇವೆ ಹಾಕುತ್ತದೆ. ಅಷ್ಟು ಹಳೇ ನಕ್ಷೆ ಹಿಡಿದು ಬಂದ ಭೂಮಾಪಕರಿಗೆ ಎದುರಾಗುವ ಪ್ರಶ್ನೆ ಇದು: ಸರಿದದ್ದು ಹೊಳೆಯೋ, ಹೊಲವೋ?

ಅಂದು ಅವರು ಅದನ್ನು ಹೇಗೆ ಬಿಡಿಸಿದರು ಅಂತ ಹತ್ತಿರದಿಂದ ನೋಡಿದೆ. ಮೊದಲು ಹೊಳೆಯ ಕಡೆ ಹೋಗಲೇ ಇಲ್ಲ. ಊರ ಕಡೆ ಸುಮಾರು ದೂರ ಹಿಂದೆ ಹೋಗಿ, ಯಾರೂ ಜಗಳ ಆಡದ ಹಳೇ ಹದ್ದಿನ ಕಲ್ಲು ಹುಡುಕಿದರು. ಒಂದು ಕಲ್ಲು ಬೇವಿನ ಬೇರಿನಲ್ಲಿ ಅರ್ಧ ಹೂತುಹೋಗಿತ್ತು. ಅದರಿಂದ ಹೊಳೆ ಕಡೆಗೆ ಅಳೆಯುತ್ತ ಬಂದರು. ಟಿಪ್ಪಣಿಯ, ಅಂದರೆ ಹಳೇ ಮೋಜಣಿಯಲ್ಲಿ ಬರೆದಿಟ್ಟ, ಅಳತೆ ಮುಗಿದ ಕಡೆ ಸುಣ್ಣ ಹಾಕಿದರು. ಸುಣ್ಣದ ಗೆರೆ ಕಾಕಾನ ಕಬ್ಬಿನ ನಟ್ಟನಡುವೆ ಬಿತ್ತು. ಆಮೇಲೆ ದಂಡೆಗೆ ಹೋಗಿ ಮಣ್ಣು ನೋಡಿದರು. ಹೊಳೆ ತಾನಾಗೇ ತಂದು ಹಾಕಿದ ರೇವೆಯಾದರೆ ಪದರು ಪದರಾಗಿ ಇರುತ್ತದೆ, ಒಂದು ಪದರು ಉಸುಕು, ಒಂದು ಪದರು ಜಿಗಿ ಮಣ್ಣು. ಟ್ರ್ಯಾಕ್ಟರಿನಲ್ಲಿ ತಂದು ಸುರುವಿದ ಮಣ್ಣಿಗೆ ಪದರಿಲ್ಲ. ನಮ್ಮಲ್ಲಿ ಎರಡೂ ಇತ್ತು. ಅರ್ಧ ಹೊಳೆ ಕೊಟ್ಟದ್ದು, ಅರ್ಧ ಕಾಕಾ ತಂದದ್ದು.

ಹೊಳೆ ಯಾಕೆ ಅಷ್ಟು ವರ್ಷ ಬರಲಿಲ್ಲ? ಅದಕ್ಕೆ ಮೇಲೆ ಹೋಗಬೇಕು.

ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಸಮುದ್ರ ಮಟ್ಟದಿಂದ 792 ಮೀಟರ್ ಎತ್ತರದಲ್ಲಿ. 304 ಕಿಲೋಮೀಟರ್ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಕಣಕುಂಬಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ. ಬಾಗಲಕೋಟೆಗೆ ಬಂದರೆ ಆರುನೂರು ಮುಟ್ಟುವುದೇ ಕಷ್ಟ. ಅಂದರೆ ನಮ್ಮ ಹೊಳೆಯ ನೀರು ನಮ್ಮ ಮಳೆಯದ್ದಲ್ಲ, ತವರಿನಿಂದ ತಂದದ್ದು.

ನಡುವೆ ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಅಣೆಕಟ್ಟು ಎದ್ದು, 1970ರ ದಶಕದಿಂದ ನೀರು ನಿಲ್ಲಿಸತೊಡಗಿತು. ಹೆಸರು ರೇಣುಕಾ ಸಾಗರ. ಹಿಡಿಯುವುದು 37.73 ಟಿಎಂಸಿ. ಅದು ತುಂಬಿದ ವರ್ಷಗಳು ಕಡಿಮೆ. ಇದ್ದ ನೀರು ಕಾಲುವೆಗೆ, ಹುಬ್ಬಳ್ಳಿ-ಧಾರವಾಡದ ನಲ್ಲಿಗೆ ಹೋಗುತ್ತಿತ್ತು. ಕೆಳಗಿನ ಪಾತ್ರಕ್ಕೆ ಉಳಿದದ್ದು ಗೆರೆಯಷ್ಟು ನೀರು. ಹತ್ತಿಪ್ಪತ್ತು ವರ್ಷ ಖಾಲಿ ಬಿದ್ದ ಜಾಗವನ್ನು ರೈತ ಸುಮ್ನೆ ಬಿಡುತ್ತಾನಾ? ನನಗೆ ಕಾಕಾನ ಮೇಲೆ ಸಿಟ್ಟು ಬರುವುದಿಲ್ಲ. ಅವನಿಗೆ ‘ಇದು ಹೊಳೆಯ ಜಾಗ, ಖಾಲಿ ಕಂಡರೂ ಖಾಲಿ ಅಲ್ಲ’ ಅಂತ ಹೇಳಲು ಯಾವ ಇಲಾಖೆಯವರೂ ಆ ಇಪ್ಪತ್ತು ವರ್ಷಗಳಲ್ಲಿ ಬರಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಪೇಪರಿನಲ್ಲಿ ಕ್ಯೂಸೆಕ್, ಟಿಎಂಸಿ ಅಂತ ದಿನಾ ಓದುತ್ತೇವೆ. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್, ಎರಡು ಕೊಡಕ್ಕಿಂತ ಸ್ವಲ್ಪ ಕಡಿಮೆ. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಒಂದು ಇಡೀ ದಿನ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ. ಅಣೆಕಟ್ಟು ತುಂಬಿ ನಿಂತಿದೆ, ಮೇಲಿನಿಂದ ಒಂದೇ ದಿನ 5 ಟಿಎಂಸಿ ಬಂತು ಅಂತ ಇಟ್ಟುಕೊಳ್ಳಿ. ಎಂಜಿನಿಯರ್ ಮುಂದೆ ಬೇರೆ ದಾರಿಯೇ ಇಲ್ಲ. 58 ಸಾವಿರ ಕ್ಯೂಸೆಕ್ ಹತ್ತಿರ ಕೆಳಗೆ ಬಿಡಲೇಬೇಕು.

ಬಿಟ್ಟದ್ದನ್ನು ಹೊಳೆ ಹೊತ್ತೀತಾ? ಪಾತ್ರ 100 ಮೀಟರ್ ಅಗಲ, ನೀರು 4 ಮೀಟರ್ ಆಳ, ಓಟ ಸೆಕೆಂಡಿಗೆ 2 ಮೀಟರ್ ಅಂತ ಹಿಡಿಯೋಣ. ಮೂರನ್ನೂ ಗುಣಿಸಿದರೆ ಸೆಕೆಂಡಿಗೆ 800 ಘನ ಮೀಟರ್, ಅಂದಾಜು 28 ಸಾವಿರ ಕ್ಯೂಸೆಕ್. ಅದೇ ಪಾತ್ರ ಕಬ್ಬಿಗೆ ಬಿಟ್ಟುಕೊಟ್ಟು 40 ಮೀಟರಿಗೆ ಇಳಿದರೆ 11 ಸಾವಿರ. ಮಿಕ್ಕ 17 ಸಾವಿರ ಎಲ್ಲಿ ಹೋಗಬೇಕು? ಓಣಿಗೆ ಬರುತ್ತದೆ. ಸಾಲದ್ದಕ್ಕೆ ಕಬ್ಬು ನಿಂತಲ್ಲಿ ಓಟ ಕೂಡ ತಗ್ಗುತ್ತದೆ. ಬಾಚಣಿಗೆಯಲ್ಲಿ ನೀರು ಸುರಿದ ಹಾಗೆ. ಇದು ನಾನು ತಿಳಿಸಲು ಹಾಕಿದ ಲೆಕ್ಕ, ಮಲಪ್ರಭೆಯ ಅಳತೆಯಲ್ಲ. ಆದರೆ 2019ರ ಆಗಸ್ಟಿನಲ್ಲಿ ಆದದ್ದರ ಒಳಗುಟ್ಟು ಇದೇ. ಆ ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಪಾಳಿ ಹಚ್ಚಿದ್ದ ನಾವೇ ಆಗಸ್ಟಿನಲ್ಲಿ ಹಾಸಿಗೆ ಸುತ್ತಿಕೊಂಡು ಶಾಲೆಯ ಮಾಳಿಗೆ ಹತ್ತಿದೆವು. ರಾಮದುರ್ಗದಲ್ಲಿ ಮನೆಗಳಿಗೆ ನೀರು ನುಗ್ಗಿತು. ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ಬಂತು. ಚಾಲುಕ್ಯರು ದಂಡೆ ನೋಡಿಯೇ ಗುಡಿ ಕಟ್ಟಿದ್ದರು. ಅವರು ನೋಡಿದ ದಂಡೆ ಬೇರೆ, ಇವತ್ತಿನ ದಂಡೆ ಬೇರೆ.

ಈ ಲೆಕ್ಕಕ್ಕೆಲ್ಲ ಅಂಕಿ ಕೊಡುವವರು ಒಬ್ಬರಿದ್ದಾರೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಬನಶಂಕರಿ ಹತ್ತಿರದ ಚೋಳಚಗುಡ್ಡದಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರ ಇದೆ. ಖಾನಾಪುರದಲ್ಲೂ ಒಂದಿದೆ. ಜಾತ್ರೆಗೆ ಹೋಗುವವರು ಸೇತುವೆ ದಾಟುವಾಗ ದಂಡೆಯಲ್ಲಿ ಕಪ್ಪು-ಬಿಳಿ ಬಣ್ಣದ ಅಳತೆಪಟ್ಟಿ ಕಂಡಿದ್ದರೆ ಅದೇ. ದಿನಾ ಬೆಳಿಗ್ಗೆ ಆ ಪಟ್ಟಿಯಲ್ಲಿ ನೀರಿನ ಮಟ್ಟ ಓದಿ ಬರೆಯುತ್ತಾರೆ. ಹೊಳೆ ಏರಿದಾಗ ತಾಸಿಗೊಮ್ಮೆ, ರಾತ್ರಿ ಟಾರ್ಚ್ ಹಿಡಿದು. ಓಟ ಅಳೆಯಲು ಸಣ್ಣ ಬಟ್ಟಲುಗಳ ಗಾಲಿ ಇರುವ ಒಂದು ಯಂತ್ರವನ್ನು ನೀರಿಗಿಳಿಸುತ್ತಾರೆ. ಗಾಲಿ ಎಷ್ಟು ಸುತ್ತು ತಿರುಗಿತು ಅನ್ನುವುದರಿಂದ ವೇಗ ಗೊತ್ತಾಗುತ್ತದೆ. ಹೊಳೆಯ ಅಡ್ಡಕ್ಕೆ ಒಂದೊಂದು ಕಡೆ ಒಂದೊಂದು ವೇಗ, ಹಾಗಾಗಿ ಹೊಳೆಯನ್ನು ಪಟ್ಟಿ ಪಟ್ಟಿಯಾಗಿ ಸೀಳಿ ಅಳೆಯಬೇಕು. ಇಂಥ ಓದು ದಶಕಗಟ್ಟಲೆ ಕೂಡಿದರೆ ಮಾತ್ರ, ‘ಇಪ್ಪತ್ತೈದು ವರ್ಷಕ್ಕೊಮ್ಮೆ ಬರುವ ನೆರೆ ಇಲ್ಲಿತನಕ ಏರುತ್ತದೆ’ ಅಂತ ಗೆರೆ ಎಳೆಯಬಹುದು. ಅದನ್ನೇ ನೆರೆ ಗೆರೆ ಅನ್ನುವುದು.

ಪರಿಸರ ಯೋಜನೆ ಮಾಡುವವರ ಕೆಲಸ ಶುರುವಾಗುವುದು ಆ ಗೆರೆಯಿಂದ. ಗೆರೆಯ ಒಳಗೆ ಏನಿರಬಹುದು, ಏನಿರಬಾರದು? ಹುಲ್ಲುಗಾವಲು, ಆಟದ ಬಯಲು, ಬೇಸಿಗೆ ಬೆಳೆ ಇರಲಿ. ಮನೆ, ಆಸ್ಪತ್ರೆ, ಗೊಬ್ಬರದ ಗೋದಾಮು ಬೇಡ. ಹೀಗೆ ಪಟ್ಟಿ ಮಾಡಿ ಕಾನೂನು ತನ್ನಿ ಅಂತ ಕೇಂದ್ರ ಸರ್ಕಾರ 1975ರಲ್ಲೇ ರಾಜ್ಯಗಳಿಗೆ ಮಾದರಿ ಮಸೂದೆ ಕಳಿಸಿತ್ತು. ಮಣಿಪುರ 1978ರಲ್ಲಿ ಮಾಡಿತು, ರಾಜಸ್ಥಾನದಂಥ ಒಣ ರಾಜ್ಯವೂ ಮಾಡಿತು. ನಮ್ಮಲ್ಲಿ ಅಂಥ ಪ್ರತ್ಯೇಕ ಕಾಯ್ದೆ ಇಲ್ಲ. ನಮಗೆ ಸುಲಭವಾಗಿ ಬರುವುದು ಊರು ಎತ್ತುವುದು. ಆಲಮಟ್ಟಿ ಹಿನ್ನೀರಿಗೆ ಬಾಗಲಕೋಟೆಯ ಹಳೇ ಊರು ಬಿಟ್ಟು ನವನಗರ ಕಟ್ಟಿದೆವು. 2009ರ ನೆರೆಯಾದ ಮೇಲೆ ‘ಆಸರೆ’ ಮನೆ ಕಟ್ಟಿದೆವು. ಆಸರೆ ಮನೆಗಳಲ್ಲಿ ಎಷ್ಟೋ ಕಡೆ ಜನ ಹೋಗಿ ಇರಲಿಲ್ಲ. ಹೊಲ ಒಂದು ಕಡೆ, ಮನೆ ಒಂದು ಕಡೆ. ದನ ಕಟ್ಟಲು ಜಾಗವಿಲ್ಲ. ಗೆರೆ ಎಳೆಯುವವರು ಕೊಟ್ಟಿಗೆಯ ಲೆಕ್ಕವನ್ನೂ ಹಾಕಬೇಕಾಗುತ್ತದೆ.

ಹೊಳೆಯ ತಲೆಯ ಕಡೆ ಕೆಲಸ ಅರಣ್ಯದವರದು. ಖಾನಾಪುರದ ಭೀಮಗಡ ವನ್ಯಜೀವಿ ಧಾಮ 2011ರಲ್ಲಿ ಘೋಷಣೆಯಾಯಿತು, 190 ಚದರ ಕಿಲೋಮೀಟರ್. ಅಲ್ಲಿನ ಬಾರಾಪೇಡೆ ಗುಹೆಯ ಅಪರೂಪದ ಬಾವಲಿಯ ಸುದ್ದಿ ಪೇಪರಿನಲ್ಲಿ ಬರುತ್ತಿರುತ್ತದೆ. ಆದರೆ ಕೆಳಗಿರುವ ನಮಗೆ ಬೇಕಾದದ್ದು ಆ ಕಾಡಿನ ನೆಲದ ಮೇಲಿನ ಎಲೆಗಳ ಹಾಸು. ಮಳೆ ಅದರ ಮೇಲೆ ಬಿದ್ದು ನಿಧಾನ ಇಳಿಯುತ್ತದೆ, ನವೆಂಬರ್ ಡಿಸೆಂಬರಿನಲ್ಲಿ ಝರಿಯಾಗಿ ಹೊರಬರುತ್ತದೆ. ಹಾಸು ಸುಟ್ಟರೆ ಅದೇ ಮಳೆ ಮಣ್ಣು ಹೊತ್ತುಕೊಂಡು ಒಂದೇ ಏಟಿಗೆ ಇಳಿದು ಅಣೆಕಟ್ಟಿನ ಹೊಟ್ಟೆಗೆ ಹೂಳಾಗುತ್ತದೆ. ಬೇಸಿಗೆಗೆ ಮುಂಚೆ, ಬೆಂಕಿ ಹರಡದ ಹಾಗೆ, ಬೆಂಕಿ ರೇಖೆ ಕಡಿಯುವ ಅರಣ್ಯದ ವಾಚರ್ ಮಲಪ್ರಭೆಯ ನೀರನ್ನು ಮುಟ್ಟುವುದೂ ಇಲ್ಲ. ನನ್ನ ಲೆಕ್ಕದಲ್ಲಿ ಹೊಳೆ ಕಾಯುವವರಲ್ಲಿ ಅವನೇ ಮೊದಲನೆಯವನು.

ಇನ್ನು ನೆಲದ ಕಡೆ ತಿರುಗೋಣ. ಇಲ್ಲಿ ಸಮಸ್ಯೆ ಉಲ್ಟಾ, ನೀರು ಜಾಸ್ತಿಯಾಗಿ ನೆಲ ಸಾಯುತ್ತಿದೆ.

ಜಮಖಂಡಿ ಕಡೆ ನಮ್ಮ ಸೋದರಮಾವನ ಹೊಲ ಇದೆ. ಚೊಕ್ಕ ಎರೆ ಭೂಮಿ. ಹೋದ ಸಲ ಹೋದಾಗ ಕಬ್ಬಿನ ನಡುವೆ ಬೋಳು ತಲೆಯಂಥ ಜಾಗಗಳು ಕಂಡವು. ಬಗ್ಗಿ ನೋಡಿದರೆ ನೆಲದ ಮೇಲೆ ಹಪ್ಪಳದಷ್ಟು ತೆಳ್ಳಗೆ ಬಿಳಿ ಪೊರೆ. ಬೆರಳಿಗೆ ಹಚ್ಚಿ ನಾಲಗೆಗೆ ಇಟ್ಟರೆ ಉಪ್ಪು. ನಾಲ್ಕು ಹೆಜ್ಜೆ ಆಚೆ ಎತ್ತಿನ ಗೊರಸು ಇಳಿದ ಕಡೆ ನೀರು ಜಿನುಗುತ್ತಿತ್ತು, ಅದೂ ಮಾರ್ಚಿನಲ್ಲಿ. ಇದಕ್ಕೇ ನಮ್ಮ ಕಡೆ ಸವಳು-ಜವಳು ಅನ್ನುವುದು. ಸವಳು ಅಂದರೆ ಉಪ್ಪೇರಿದ್ದು, ಜವಳು ಅಂದರೆ ನೀರು ನಿಂತು ಜೌಗಾದದ್ದು. ಜೋಡಿ ಪದ ಯಾಕೆ ಬಂತು ಅಂದರೆ ರೋಗವೇ ಜೋಡಿ.

ಆಗುವುದು ಹೀಗೆ. ಎರೆ ಮಣ್ಣು ನೀರು ಕುಡಿದರೆ ಬಿಡುವುದಿಲ್ಲ. ಕಾಲುವೆ ಬಂತು, ಕಬ್ಬು ಬಂತು, ಪಾಳಿ ಬಂದಾಗಲೆಲ್ಲ ಹೊಲ ತುಂಬ ನೀರು ಬಿಟ್ಟೆವು. ಬೇರು ಕುಡಿದು ಮಿಕ್ಕದ್ದು ಕೆಳಗಿಳಿದು ಅಂತರ್ಜಲವನ್ನು ಮೇಲೆ ಎತ್ತಿತು. ಆ ನೀರು ಮೇಲ್ಮಣ್ಣಿನ ಹತ್ತಿರ ಬಂದಾಗ ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ಮಣ್ಣು ಅದನ್ನು ಮೇಲಕ್ಕೆ ಎಳೆಯುತ್ತದೆ. ಬಿಸಿಲಿಗೆ ನೀರು ಆರಿ ಹೋಗುತ್ತದೆ, ಕರಗಿ ಬಂದ ಉಪ್ಪು ಅಲ್ಲೇ ಕೂರುತ್ತದೆ.

ಮಣ್ಣು ಪರೀಕ್ಷೆಯವರು ಇಲ್ಲಿ ಎರಡು ರೋಗ ಬೇರೆ ಮಾಡುತ್ತಾರೆ, ರೈತರು ಇದನ್ನು ತಿಳಿಯದೆ ದುಡ್ಡು ಕಳೆಯುತ್ತಾರೆ. ರಸಸಾರ (ಪಿಎಚ್) 8.5ರ ಒಳಗಿದ್ದು, ಕರಗುವ ಉಪ್ಪು ಜಾಸ್ತಿ ಇದ್ದರೆ ಅದು ಬರೀ ಸವಳು. ಒಳ್ಳೆ ನೀರು ಕೊಟ್ಟು ಬಸಿದರೆ ಉಪ್ಪು ತೊಳೆದು ಹೋಗುತ್ತದೆ. ರಸಸಾರ 8.5 ದಾಟಿ, ಸೋಡಿಯಂ ಮಣ್ಣಿನ ಕಣಕ್ಕೇ ಅಂಟಿಕೊಂಡಿದ್ದರೆ ಅದು ಕ್ಷಾರ. ಅಲ್ಲಿ ತೊಳೆದರೆ ಪ್ರಯೋಜನವಿಲ್ಲ, ಮಣ್ಣು ಕೆಸರಾಗಿ ನೀರನ್ನೇ ಇಳಿಸುವುದಿಲ್ಲ. ಅದಕ್ಕೆ ಜಿಪ್ಸಂ ಹಾಕಬೇಕು. ಜಿಪ್ಸಮ್ಮಿನ ಕ್ಯಾಲ್ಸಿಯಂ ಸೋಡಿಯಂನ ಜಾಗ ಹಿಡಿಯುತ್ತದೆ. ಆಮೇಲೆ ತೊಳೆಯಬೇಕು. ನಮ್ಮ ಮಾವ ಪರೀಕ್ಷೆ ಮಾಡಿಸದೆ ಎರಡು ವರ್ಷ ಜಿಪ್ಸಂ ಹಾಕಿದ. ಅವನ ಹೊಲದ್ದು ಬರೀ ಸವಳು.

ಬಸಿಯುವುದಕ್ಕೆ ಎರಡು ದಾರಿ. ತೆರೆದ ಬಸಿಗಾಲುವೆ ಒಂದು. ಇನ್ನೊಂದು, ಸುಮಾರು ಒಂದು ಮೀಟರ್ ಆಳದಲ್ಲಿ ತೂತಿನ ಪೈಪು ಹೂಳುವುದು. ಪೈಪಿಗೆ ಜಾಳಿಗೆ ಬಟ್ಟೆ ಸುತ್ತಿರುತ್ತಾರೆ, ಇಲ್ಲದಿದ್ದರೆ ಎರೆಮಣ್ಣು ತೂತು ಕಟ್ಟುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು, ನೀರು ಮತ್ತು ನೆಲ ನಿರ್ವಹಣಾ ಸಂಸ್ಥೆಯಾದ ವಾಲ್ಮಿಯವರು, ನೀರಾವರಿ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರದ (ಕಾಡಾ) ಕಡೆಯವರು ಇದರ ಮೇಲೆ ಕೆಲಸ ಮಾಡುತ್ತ ಬಂದಿದ್ದಾರೆ. ಪೈಪು ಹೂಳುವುದು ದೊಡ್ಡ ವಿಷಯವಲ್ಲ. ಪೈಪಿನ ಬಾಯಿ ಎಲ್ಲಿ ತೆರೆಯಬೇಕು ಅನ್ನುವುದೇ ದೊಡ್ಡ ವಿಷಯ. ಮಾವನ ಕೆಳಗಿನ ಹೊಲದವನು ‘ನಿನ್ನ ಉಪ್ಪು ನನ್ನ ಹೊಲಕ್ಕ ಬ್ಯಾಡೋ ಯಪ್ಪಾ’ ಅಂದ. ಅವನ ಮಾತು ತಪ್ಪಾ? ಹಳ್ಳಕ್ಕೆ ಬಿಡೋಣ ಅಂದರೆ ಹಳ್ಳ ಹೋಗಿ ಸೇರುವುದು ಕೃಷ್ಣೆಗೆ. ಉಪ್ಪಿನ ಜೊತೆ ಯೂರಿಯಾ, ಔಷಧಿ ಎಲ್ಲ ಹೊಳೆಗೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ರಾಜ್ಯದ 17 ಮಲಿನ ನದಿ ಭಾಗಗಳನ್ನು ಪಟ್ಟಿ ಮಾಡಿದಾಗ ಕೃಷ್ಣೆ, ಮಲಪ್ರಭೆ ಎರಡೂ ಅದರಲ್ಲಿದ್ದವು. ಊರ ಗಟಾರು, ಕಾರ್ಖಾನೆ ನೀರಿನದ್ದೇ ದೊಡ್ಡ ಪಾಲು ಇರಬಹುದು, ಹೊಲದ್ದೂ ಹೋಗಿ ಸೇರುವುದು ಅಲ್ಲಿಗೇ.

ಇಲ್ಲಿ ನೆಲ ಉಳಿಸುವವರಿಗೂ ಹೊಳೆ ಉಳಿಸುವವರಿಗೂ ಜಗಳ ಹತ್ತುತ್ತದೆ. ನನಗೆ ಕಂಡ ಮಟ್ಟಿಗೆ ಇಬ್ಬರಿಗೂ ಒಪ್ಪುವ ಮದ್ದು ಒಂದೇ, ಮೇಲೆ ಬಿಡುವ ನೀರನ್ನೇ ಕಡಿಮೆ ಮಾಡುವುದು. ಹನಿ ನೀರಾವರಿ ಇರಲಿ, ಸಾಲು ಬಿಟ್ಟು ಸಾಲಿಗೆ ನೀರು ಕಟ್ಟುವುದಿರಲಿ. ಪಾಳಿ ಮತ್ತೆ ಯಾವಾಗ ಬರುತ್ತದೋ ಅನ್ನುವ ಹೆದರಿಕೆ ಇರುವ ತನಕ ರೈತ ಸಿಕ್ಕಾಗ ತುಂಬಿಸಿಕೊಳ್ಳುತ್ತಾನೆ. ಆದ್ದರಿಂದ ಪಾಳಿಯ ದಿನ ತಪ್ಪದ ಹಾಗೆ ನೋಡಿಕೊಳ್ಳುವ ಕಾಲುವೆ ಸೌಡಿ (ನೀರು ಬಿಡುವವನು) ಕೂಡ ನೆಲ ಉಳಿಸುವವನೇ.

ವಿಜಯಪುರಕ್ಕೆ ಹೋದರೆ ನೆಲದ ಕೆಲಸಕ್ಕೆ ಬಹಳ ಹಳೇ ಚರಿತ್ರೆ ಇದೆ. 1930ರ ದಶಕದಲ್ಲಿ ಒಣಬೇಸಾಯದ ಸಂಶೋಧನೆಗೆ ದೇಶದಲ್ಲಿ ಐದು ಕಡೆ ಕೇಂದ್ರ ತೆರೆದರು: ಸೊಲ್ಲಾಪುರ, ವಿಜಯಪುರ, ಹಗರಿ, ರಾಯಚೂರು, ರೋಹ್ಟಕ್. ಐದರಲ್ಲಿ ಮೂರು ಇವತ್ತಿನ ಕರ್ನಾಟಕದಲ್ಲಿವೆ. ಹಿಂಗಾರಿ ಜೋಳ ಬಿತ್ತುವ ಎರೆ ಹೊಲದಲ್ಲಿ ಮುಂಗಾರಿನ ಮಳೆ ಹಿಡಿಯಲು ಸಣ್ಣ ಸಣ್ಣ ಚೌಕ ಮಾಡಿ ಬದು ಏರಿಸುತ್ತಾರೆ. ಅದಕ್ಕೆ ಚೌಕುಮಡಿ ಅನ್ನುತ್ತಾರೆ. ಎತ್ತರದಿಂದ ನೋಡಿದರೆ ಪಗಡೆ ಹಾಸಿದ ಹಾಗೆ. ಮಳೆ ಹರಿದು ಹೋಗದೆ ಬಿದ್ದಲ್ಲೇ ಇಂಗುತ್ತದೆ, ಸೆಪ್ಟೆಂಬರ್ ಹೊತ್ತಿಗೆ ಬದು ಒಡೆದು ಬಿತ್ತುತ್ತಾರೆ. ಆ ಮಣ್ಣು ಹೊಲದಲ್ಲಿ ನಿಲ್ಲದಿದ್ದರೆ ಸೀದಾ ಡೋಣಿಗೆ. ‘ಡೋಣಿ ಬೆಳೆದರೆ ಓಣೆಲ್ಲ ಕಾಳು’ ಅಂತ ಗಾದೆ ಕಟ್ಟಿದ ಹೊಳೆ ಅದು. ಈಗ ಹೂಳು ತುಂಬಿ, ಸ್ವಲ್ಪ ಮಳೆಯಾದರೂ ತಾಳಿಕೋಟೆ ಸೇತುವೆ ಮೇಲೆ ಹತ್ತುತ್ತದೆ. ಹೂಳೆತ್ತಿ ಅಂತ ಪ್ರತಿ ವರ್ಷ ಬೇಡಿಕೆ. ಮೇಲಿನ ಹೊಲಗಳ ಬದು ಗಟ್ಟಿಯಾಗದೆ ಹೂಳು ಎತ್ತಿದರೆ ಮರುವರ್ಷ ಅಷ್ಟೇ ಬಂದು ಕೂರುತ್ತದೆ, ಅಲ್ವಾ?

ಕೊನೆಗೆ ಒಂದು ವಿಷಯ, ಯಾಕೆಂದರೆ ಇದರಲ್ಲಿ ಓದುಗರಿಗೂ ಪಾಲಿದೆ. ಸಕ್ಕರೆ ಕಾರ್ಖಾನೆ ದಿನಕ್ಕೆ 5 ಸಾವಿರ ಟನ್ ಅಥವಾ ಅದಕ್ಕಿಂತ ಜಾಸ್ತಿ ಕಬ್ಬು ಅರೆಯುವುದಾದರೆ, 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಮೊದಲೇ ಅನುಮತಿ ಬೇಕು. ಇಂಥ ಯೋಜನೆಗೆ ಸಾರ್ವಜನಿಕ ಅಹವಾಲು ಸಭೆ ಕರೆದರೆ ಕಡಿಮೆ ಅಂದರೂ 30 ದಿನ ಮುಂಚೆ ಸೂಚನೆ ಕೊಡಬೇಕು. ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು. ಜಿಲ್ಲಾಧಿಕಾರಿ ಅಥವಾ ಅವರು ಕಳಿಸಿದ ಅಧಿಕಾರಿ ಕೂರುತ್ತಾರೆ. ನಮ್ಮ ಭಾಗದ ಇಂಥ ಒಂದು ಸಭೆಗೆ ನಾನೂ ಹೋಗಿದ್ದೆ. ಎರಡು ಗಂಟೆ ಭಾಷಣ, ಆಮೇಲೆ ಊಟ. ಊಟವಾದ ಮೇಲೆ ಪೆಂಡಾಲ್ ಖಾಲಿ. ಕೊನೆಯಲ್ಲಿ ಸಭೆಯಲ್ಲಿ ಬಂದ ಮಾತುಗಳನ್ನು ಬರೆದುಕೊಂಡದ್ದನ್ನು ಗಟ್ಟಿಯಾಗಿ ಓದಿ ಹೇಳಬೇಕು, ಜನರ ಭಾಷೆಯಲ್ಲೇ. ಅದು ನಿಯಮ. ಅವತ್ತು ಓದಿದಾಗ ಕೇಳಲು ನಾವು ಒಂಬತ್ತು ಜನ ಇದ್ದೆವು. ಹಳ್ಳಕ್ಕೆ ಬಿಡುವ ನೀರಿನ ಬಗ್ಗೆ ಒಬ್ಬ ಹೆಣ್ಣುಮಗಳು ಕೇಳಿದ್ದ ಪ್ರಶ್ನೆ ಅದರಲ್ಲಿ ಇರಲಿಲ್ಲ. ಆಕೆ ಎದ್ದು ನಿಂತು ‘ನಂದ್ ಬಿಟ್ಟೀರಿ’ ಅಂದಳು. ಸೇರಿಸಿದರು.

ನಮ್ಮೂರ ಮೋಜಣಿ ಕಥೆ ಹೇಳುವುದು ಬಾಕಿ ಇದೆ. ಸುಣ್ಣದ ಗೆರೆಯ ಮೇಲೆ ಕಲ್ಲು ನೆಟ್ಟರು. ಪಂಚನಾಮೆಗೆ ಕಾಕಾ ಸಹಿ ಹಾಕಲು ಅರ್ಧ ತಾಸು ತಗೊಂಡ. ಎರಡು ತಿಂಗಳು ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ನಿಂತ ಕಬ್ಬು ಕಾರ್ಖಾನೆಗೆ ಹೋಯಿತು, ಮತ್ತೆ ಚಿಗುರಲಿ ಅಂತ ಕೂಳೆ ಬಿಡಲಿಲ್ಲ. ಈ ಸಲ ಊರಿಗೆ ಹೋದಾಗ ಹೊಲಕ್ಕೆ ಹೋಗಿ ನೋಡಿದೆ. ಕಲ್ಲಿನ ಈಚೆ ಗೋವಿನಜೋಳ ನಿಂತಿತ್ತು. ಆಚೆ, ಹೊಳೆಯ ಕಡೆ, ಉಸುಕಿನಲ್ಲಿ ಗುಣಿ ತೋಡಿ ಸೌತಿ ಹಾಕಿದ್ದ.